ಕರಿಬೇವಿನ ಎಲೆ: ಹೆಸರೂ ಸತ್ತ್ವವೂ

ಶಿವಮೊಗ್ಗ ಜಿಲ್ಲೆಯ ಹೊಸನಗರದ ಸೀಮೆಯು ಬೇವಿನ ಸೀಮೆಯಲ್ಲ. ಬೇವು ಬಯಲುನಾಡಿನ ಒಣನೆಲವನ್ನು ಮೆಚ್ಚುವ ಮರ. ಹುಲಿಕಲ್ಲು, ಮಾಸ್ತಿಕಟ್ಟೆಗಳಂತಹ, ನಾಡಿನಲ್ಲಿಯೇ ಅತ್ಯಧಿಕವಾಗಿ ಮಳೆ ಬೀಳುವ ಎಡೆಗಳನ್ನೊಳಗೊಂಡ ಈ ತಾಲ್ಲೂಕಿನ ತಂಪು ಅದಕ್ಕೆ ಒಗ್ಗುವುದಿಲ್ಲ. ಆದರೂ ಬೇವಿನ ಹೆಸರು ಇಲ್ಲಿಯ ಮನೆಗಳಲ್ಲಿ ದಿನಕ್ಕೆ ಹಲವು ಸಲ ಕೇಳಿಬರುವುದು. ಒಗ್ಗರಣೆಗೆ ಬೇಕಾದ ಎಸಳನ್ನು ಹಿತ್ತಲಿನಿಂದ ಕೊಯ್ದು ತರುವಾಗ ಜನರು ಅದನ್ನು ಕರಿಬೇವೆನ್ನುವರು. ಕರಾವಳಿಯ ಕಡೆಯಲ್ಲಿಯೂ ಘಟ್ಟದ ಮೇಲಣ ಕೆಲವು ಮನೆಗಳಲ್ಲಿಯೂ ಬರಿದೆ 'ಬೇವಿನ ಸೊಪ್ಪು' ಎಂದರೇನೇ ಕರಿಬೇವು. ಯುಗಾದಿಯ ದಿವಸ ಬೆಲ್ಲದೊಡನೆ ತಿನ್ನತಕ್ಕ ನಿಜವಾದ ಬೇವನ್ನು ಹೇಳಬೇಕಾದಾಗ 'ಕಹಿಬೇವು' ಎಂದು ವಿಶೇಷಣವನ್ನು ಸೇರಿಸಿಕೊಳ್ಳಬೇಕಾಗುವುದು. ಬಯಲುಸೀಮೆಯಲ್ಲಿ ವಿಶೇಷಣವು ಒಗ್ಗರಣೆಯ ಸೊಪ್ಪಿಗೆ ಅಂಟಿಕೊಂಡಿದ್ದರೆ ಇಲ್ಲಿ ಅದು ಮೂಲದ ಮರಕ್ಕೇ ಅಂಟಿಕೊಂಡಿದೆ. ಕಣ್ಣೆದುರಿಗಿಲ್ಲದ ಮರದ ಹೆಸರನ್ನು ಕಣ್ಣೆದುರಿಗಿರುವ ಮರವು ಆಕ್ರಮಿಸಿಕೊಂಡಿತೆಂದು ಹೇಳಬಹುದು.

ಹೆಸರು ಹೀಗೆ ಸ್ಥಳಾಂತರಗೊಂಡಾಗ ಅದರೊಡನೆ ಕೀರ್ತಿಯೂ ಸ್ಥಳಾಂತರಗೊಳ್ಳುವುದು. ಬೇವಿಗೆ ಕ್ರಿಮಿನಾಶಕವೆಂಬ ಪ್ರಸಿದ್ಧಿ ಪುರಾತನವಾದುದು. ಕರಿಬೇವೂ ಬೇವೇ ಆದಕಾರಣ ಅದಕ್ಕೂ ಆ ಗುಣವಿರಲೇಬೇಕೆಂಬ ವಾದವು ಮನೆಮದ್ದಿನ ಮಾತುಗಳಲ್ಲಿ ಮಾತ್ರವಲ್ಲದೆ ಅಚ್ಚಾದ ಪುಸ್ತಕಗಳಲ್ಲಿಯೂ ಕಾಣಬರುತ್ತದೆ. ಈ ಎಲೆಯಲ್ಲಿ ಸೂಕ್ಷ್ಮಜೀವಿಗಳನ್ನು ತಡೆಯುವ ಸತ್ತ್ವವುಂಟೆಂಬುದು ಪ್ರಯೋಗಗಳಿಂದ ಸಿದ್ಧವಾಗಿರುವ ಸಂಗತಿಯೇ. ಆದರೆ ಅದು ಬೇವಿನಿಂದ ಎರವಾಗಿ ಬಂದ ಸತ್ತ್ವವಲ್ಲ. ಯಾವುದು ಹೆಸರಿನ ಫಲ, ಯಾವುದು ಎಲೆಯ ಫಲ ಎಂಬುದನ್ನು ಬಿಡಿಸಿ ನೋಡುವುದು ವೈದ್ಯರಿಗೆ ಹೇಗೋ ಹಾಗೆಯೇ, ಹಳೆಯ ಗ್ರಂಥಗಳಿಗೆ ಟೀಕೆಯನ್ನೂ ಶಬ್ದಾರ್ಥವನ್ನೂ ಬರೆಯುವ ವಿದ್ವಾಂಸರಿಗೂ ಅವಶ್ಯವಾದ ಕೆಲಸವಾಗಿದೆ.

ಮೊದಲು ಹೆಸರನ್ನು ನೋಡಬಹುದು. ತಮಿಳಿನ ಕಱಿವೇಪ್ಪಿಲೈ, ಮಲೆಯಾಳದ ಕಱಿವೇಪ್ಪಿಲ, ತೆಲುಗಿನ ಕರಿವೇಪಾಕು, ಮರಾಠಿಯ ಕಢೀಲಿಂಬ, ಹಿಂದಿಯ ಮೀಠಾ ನೀಮ್ ಇವೆಲ್ಲವೂ ಈ ಮರವನ್ನು ಬೇವಿಗೆ ಹೋಲಿಸಿಯೇ ಹೆಸರಿಸಿವೆ. ದ್ರಾವಿಡ ಭಾಷೆಗಳೂ ಆರ್ಯಭಾಷೆಗಳೂ ಒಂದೇ ಹೋಲಿಕೆಯನ್ನು ಹಿಡಿದುದಕ್ಕೆ ಕಾರಣ ಎಲೆಯ ಆಕಾರವೇ ಹೊರತು ಬೇರೆಯಲ್ಲ: ಒಂದು ನಡುದಂಟಿನ ಎರಡು ಕಡೆಗಳಲ್ಲಿಯೂ ಸಾಲಾಗಿ ಕಿರುಎಲೆಗಳು ಕೂಡಿರುವುದು ಎರಡು ಮರಗಳಿಗೂ ಸಮಾನ. ಕನ್ನಡದ 'ಕರಿ' ಎಂಬ ಪೂರ್ವಪದದ ವಿಷಯ ಅಷ್ಟು ಸುಲಭವಲ್ಲ. ತಮಿಳಿನವರು ಇದನ್ನು ಶಕಟರೇಫದಿಂದ ಬರೆಯುವರು. ಆ ಭಾಷೆಯಲ್ಲಿ 'ಕಱಿ' ಎಂದರೆ ಮೇಲೋಗರ, ಹಳೆಯ ಪ್ರಯೋಗದಲ್ಲಿ ಮೆಣಸು. ಸಾಮಾನ್ಯ ರೇಫದ 'ಕರಿ' ಎಂದರೆ ಇದ್ದಲು, ಕಪ್ಪು. ಕನ್ನಡದಲ್ಲಿ ಶಕಟರೇಫವು ರೇಫದೊಳಗೆ ಕರಗಿಹೋದುದರಿಂದ ಇಂದಿನ ಬರಹವು ಇವೆರಡರಲ್ಲಿ ಯಾವುದಕ್ಕೂ ಸಾಕ್ಷಿ ನುಡಿಯಲಾರದು. ಎಲೆಯ ಕಡುಹಸುರನ್ನೂ, ಮಾಗಿದಾಗ ಕಪ್ಪಾಗುವ ಹಣ್ಣನ್ನೂ ಕಂಡ ಕನ್ನಡಿಗನು 'ಕಪ್ಪು ಬೇವು' ಎಂದು ಅರ್ಥಮಾಡಿಕೊಂಡನು; ಕೃಷ್ಣನಿಂಬವೆಂಬ ಸಂಸ್ಕೃತದ ಹೆಸರೂ ಅದೇ ಅರ್ಥವನ್ನು ಹೇಳುವುದು. ತಮಿಳಿನ ಬರಹವನ್ನು ನಂಬುವುದಾದರೆ ಅದು 'ಮೇಲೋಗರದ ಬೇವು'. ಓಲೆಪ್ರತಿಗಳನ್ನು ಪರಿಶೋಧಿಸುವವರು ಅಡಿಗೆಯ ಮತ್ತು ವೈದ್ಯದ ಗ್ರಂಥಗಳಲ್ಲಿ ಈ ಒಂದು ಅಕ್ಷರದ ಮೇಲೆ ಕಣ್ಣಿಡುವುದು ಒಳ್ಳೆಯದು.

ಆಕಾರದ ಹೋಲಿಕೆ ಎಷ್ಟೇ ಇರಲಿ, ಕುಲ ಬೇರೆ. ಇದನ್ನು ತಿಳಿಯಲು ಪ್ರಯೋಗಶಾಲೆ ಬೇಕಾಗಿಲ್ಲ. ಕರಿಬೇವಿನ ಒಂದು ಕಿರುಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಸೂಜಿಯ ಮೊನೆಯಿಂದ ಚುಚ್ಚಿದಂತೆ ಬೆಳಕು ತೂರುವ ಚುಕ್ಕೆಗಳು ಕಾಣುವುವು. ಅವು ಎಣ್ಣೆಯ ಗ್ರಂಥಿಗಳು. ನಿಂಬೆಯ ಎಲೆಯಲ್ಲಿಯೂ ಬಿಲ್ವಪತ್ರೆಯಲ್ಲಿಯೂ ಅವೇ ಚುಕ್ಕೆಗಳುಂಟು. ಬೇವಿನ ಎಲೆಯಲ್ಲಿ ಇಲ್ಲ. ಹಿತ್ತಲಿನ ಕರಿಬೇವಿನ ಗಿಡವನ್ನು ಬೋಳುಮಾಡುವ ಹಸುರು ಕಂಬಳಿಹುಳುವು ನಿಂಬೆಯನ್ನೂ ಬಿಲ್ವವನ್ನೂ ತಿಂದು ಬೆಳೆದು ಚಿಟ್ಟೆಯಾಗುವುದೇ ಹೊರತು ಬೇವನ್ನು ಮುಟ್ಟುವುದಿಲ್ಲ. ನಿಘಂಟುಕಾರರು ಕಾಣದ ಬಂಧುತ್ವವನ್ನು ಈ ಹುಳುವು ಮೂಸಿಯೇ ಕಂಡುಕೊಂಡಿದೆ. ಸಸ್ಯಶಾಸ್ತ್ರಜ್ಞರು ಕರಿಬೇವನ್ನು ನಿಂಬೆಯ ಕುಟುಂಬವಾದ ರೂಟೇಸಿಯಲ್ಲಿಯೂ ಬೇವನ್ನು ಮೀಲಿಯೇಸಿಯಲ್ಲಿಯೂ ಇಟ್ಟಿರುವರು. ತರಂಗಂಬಾಡಿಯ ಡೇನರ ಮಿಷನ್ನಿನಲ್ಲಿ ವೈದ್ಯನಾಗಿದ್ದು ೧೭೮೫ರಲ್ಲಿ ತೀರಿಕೊಂಡ ಯೋಹಾನ್ ಗೆರ್ಹಾರ್ಡ್ ಕ್ಯೋನಿಗನ ಹೆಸರಿನಿಂದ ಲಿನ್ನೇಯಸನು ಇದನ್ನು ೧೭೭೧ರಲ್ಲಿ 'ಬೆರ್ಗೆರಾ ಕ್ಯೋನಿಗಿಯೈ' ಎಂದು ಕರೆದನು. ೧೮೨೫ರಲ್ಲಿ ಸ್ಪ್ರೆಂಗೆಲನು 'ಮುರ್ರಾಯಾ ಕ್ಯೋನಿಗಿಯೈ' ಎಂದು ಬದಲಾಯಿಸಿದನು. ಇತ್ತೀಚಿನ ಪಂಡಿತರು ಮತ್ತೆ ಬೆರ್ಗೆರಾ ಎಂಬ ಮೊದಲಿನ ಹೆಸರಿಗೇ ಹಿಂದಿರುಗಿರುವರು. ಹೆಸರಿನ ಅಸ್ಥಿರತೆ ಜನರ ಮಾತಿಗೆ ಮಾತ್ರ ಅಂಟಿದ ದೋಷವಲ್ಲವೆಂಬುದು ಇದರಿಂದ ತಿಳಿಯುವುದು.

ಇನ್ನು ಎಲೆಯೊಳಗಿನ ದ್ರವ್ಯಗಳು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಹಳೆಯ ಕೋಷ್ಟಕದ ಪ್ರಕಾರ ೧೦೦ ಗ್ರಾಂ ಹಸಿ ಎಲೆಯಲ್ಲಿ ನೀರು ೬೩.೮, ಸಸಾರಜನಕ ೬.೧, ಕೊಬ್ಬು ೧, ಶರ್ಕರಪಿಷ್ಟಗಳು ೧೮.೭, ನಾರು ೬.೪, ಲವಣಾಂಶ ೪ ಗ್ರಾಂ. ಸುಣ್ಣದ ಧಾತು ೮೩೦ ಮಿಲಿಗ್ರಾಂ. ಈ ಕೊನೆಯ ಅಂಕಿಯನ್ನು ಎತ್ತಿಹಿಡಿದು ಕರಿಬೇವನ್ನು ಹೊಗಳುವುದು ವಾಡಿಕೆಯಾಗಿದೆ. ಆದರೆ ಒಂದು ಒಗ್ಗರಣೆಗೆ ಬೀಳುವ ಎಲೆ ಎರಡು ಮೂರು ಗ್ರಾಮನ್ನು ಮೀರುವುದು ಅಪೂರ್ವ, ಅದರಲ್ಲಿಯೂ ಅರ್ಧವು ಬಾಳೆಲೆಯ ಅಂಚಿಗೆ ಸರಿಯುವುದು. ಇವು ಆಹಾರದ ಲೆಕ್ಕ. ಔಷಧದ ಲೆಕ್ಕವು ಇನ್ನೂ ಸೂಕ್ಷ್ಮಪ್ರಮಾಣದಲ್ಲಿರುವ ಎರಡು ವರ್ಗದ ದ್ರವ್ಯಗಳಿಗೆ ಸೇರಿದುದು.

ಮೊದಲನೆಯದು ಸುಗಂಧತೈಲ. ಎಲೆಯನ್ನು ಆವಿಯಲ್ಲಿ ಬಟ್ಟಿಯಿಳಿಸಿದರೆ ದೊರೆಯುವ ಈ ಎಣ್ಣೆಯಲ್ಲಿ ಪೈನೀನ್, ಸ್ಯಾಬಿನೀನ್, ಫೆಲಾಂಡ್ರೀನ್, ಕ್ಯಾರಿಯೋಫಿಲೀನ್ ಮೊದಲಾದ ಟರ್ಪೀನುಗಳಿರುವುವು. ಇವುಗಳ ಪರಸ್ಪರ ಪ್ರಮಾಣವು ಊರಿಂದ ಊರಿಗೆ, ಋತುವಿನಿಂದ ಋತುವಿಗೆ, ಎಳೆಯ ಎಲೆಯಿಂದ ಬಲಿತ ಎಲೆಗೆ ಬದಲಾಗುತ್ತದೆ. ಒಂದೆಡೆಯ ಎಣ್ಣೆಯಲ್ಲಿ ಮುಖ್ಯವಾದುದು ಇನ್ನೊಂದೆಡೆಯದರಲ್ಲಿ ಗೌಣವಾಗಿರುವುದುಂಟು. ಆದರೆ ಈ ಟರ್ಪೀನುಗಳಲ್ಲಿ ಯಾವುದೂ ಕರಿಬೇವಿಗೇ ವಿಶಿಷ್ಟವಾದ ಆ ವಾಸನೆಯನ್ನು ಸಂಪೂರ್ಣವಾಗಿ ವಿವರಿಸದು. ಅದಕ್ಕೆ ಮುಖ್ಯ ಕಾರಣವಾದುದು ಗಂಧಕವನ್ನೊಳಗೊಂಡ, ಅತ್ಯಲ್ಪ ಪ್ರಮಾಣದಲ್ಲಿರುವ ಒಂದು ದ್ರವ್ಯವೆಂದು ೨೦೧೫ರಲ್ಲಿ ಜರ್ಮನಿಯಲ್ಲಿ ನಡೆದ ಪರೀಕ್ಷೆಗಳಿಂದ ತಿಳಿದುಬಂದಿತು. ಅದರ ಹೆಸರು ಫಿನೈಲ್ ಈಥೇನ್ ಥಯಾಲ್. ಒಣಗಿಸಿದ ಎಲೆಯಲ್ಲಿ ಪರಿಮಳವು ಕುಗ್ಗಿರುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಹಾರಿಹೋಗುವ ದ್ರವ್ಯಗಳ ಸ್ವಭಾವವೇ ಅದು.

ಎರಡನೆಯ ವರ್ಗವೇ ಮುಖ್ಯವಾದುದು. ೧೮೭೨ರಲ್ಲಿ ಗ್ರೇಬೆ ಮತ್ತು ಗ್ಲಾಸರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು ಕಲ್ಲಿದ್ದಲಿನ ಡಾಮರಿನಲ್ಲಿ ಕಾರ್ಬಜೋಲ್ ಎಂಬ ವಸ್ತುವನ್ನು ಕಂಡರು. ನಡುವೆ ಸಾರಜನಕವುಳ್ಳ ಐದು ಕೋನದ ಒಂದು ಉಂಗುರ, ಅದರ ಎರಡು ಪಕ್ಕಗಳಲ್ಲಿ ಆರು ಕೋನದ ಎರಡು ಬೆನ್ಜೀನ್ ಉಂಗುರಗಳು, ಹೀಗಿದೆ ಅದರ ಕಟ್ಟಡ. ಇಂತಹ ಕಟ್ಟಡವನ್ನು ಗಿಡಮರಗಳೂ ಕಟ್ಟಬಲ್ಲುವೆಂದು ತಿಳಿದುದು ಸುಮಾರು ೯೦ ವರ್ಷಗಳ ತರುವಾಯ, ಅದೂ ಕರಿಬೇವಿನಿಂದಲೇ. ಕಲ್ಕತ್ತೆಯ ಬೋಸ್ ಸಂಸ್ಥೆಯ ಡಿ. ಪಿ. ಚಕ್ರವರ್ತಿಯವರೂ ಅವರ ಸಂಗಡಿಗರೂ ಈ ಮರದ ಕಾಂಡದ ತೊಗಟೆಯಿಂದ ಪಡೆದ 'ಮುರ್ರಾಯನೈನ್' ಎಂಬ ಸತ್ತ್ವದ ರಚನೆಯನ್ನು ೧೯೬೫ರಲ್ಲಿ ಪ್ರಕಟಿಸಿದರು. ಅನಂತರ ಗಿರಿನಿಂಬೈನ್, ಮಹಾನಿಂಬೈನ್, ಕ್ಯೋನಿಂಬೈನ್, ಮಹಾನೈನ್, ಕ್ಯೋನಿಗೈನ್ ಎಂದು ಒಂದರ ಮೇಲೊಂದು ಬೆಳಕಿಗೆ ಬಂದುವು. ಎಲೆಯ ಮಹಾನಿಂಬೈನ್ ಮತ್ತು ಕ್ಯೋನಿಂಬೈನ್‌ಗಳ ರಚನೆಯನ್ನು ಕುರಿತು ೧೯೬೮ರಲ್ಲಿ ಪುಣೆಯವರು ಬರೆದರು. ಇವುಗಳಿಗೆ ಆಲ್ಕಲಾಯ್ಡ್, ಎಂದರೆ ಕ್ಷಾರದಂತಹವು, ಎಂಬ ವರ್ಗನಾಮವಿದ್ದರೂ ಅದು ಪೂರ್ತಿಯಾಗಿ ಸಲ್ಲದು. ಇವುಗಳ ಸಾರಜನಕವು ಉಂಗುರದ ಕಟ್ಟಡಕ್ಕೆ ತನ್ನನ್ನು ಒಪ್ಪಿಸಿಬಿಟ್ಟಿರುವುದರಿಂದ ಆಮ್ಲದೊಡನೆ ಸುಲಭವಾಗಿ ಸೇರಿ ಲವಣವಾಗುವುದಿಲ್ಲ. ಈ ಸಣ್ಣ ವಿವರವು ಮುಂದೆ ಅಡಿಗೆಯ ಮನೆಯ ವಿಚಾರದಲ್ಲಿ ಉಪಯೋಗಕ್ಕೆ ಬರುವುದು.

ಹೆಸರುಗಳ ಕಥೆ ಇಲ್ಲಿ ವಿಚಿತ್ರವಾದ ತಿರುವನ್ನು ಪಡೆಯುತ್ತದೆ. ಕ್ಯೋನಿಗೈನಿನಲ್ಲಿ ಕ್ಯೋನಿಗನು ಉಳಿದಂತೆ, ಗಿರಿನಿಂಬೈನ್, ಮಹಾನಿಂಬೈನ್‌ಗಳಲ್ಲಿ ಸಂಸ್ಕೃತ ನಿಘಂಟುಗಳ ಗಿರಿನಿಂಬ, ಮಹಾನಿಂಬಗಳು ಉಳಿದುಕೊಂಡಿವೆ. ಆದರೆ ಆಯುರ್ವೇದದ ವ್ಯವಹಾರದಲ್ಲಿ 'ಮಹಾನಿಂಬ'ವೆಂದರೆ ಕರಿಬೇವಲ್ಲ. ಕನ್ನಡಿಗರು ಹುಚ್ಚುಬೇವೆಂದು ಕರೆಯುವ, ಬೇವಿನ ಕುಟುಂಬಕ್ಕೆ ಸೇರಿದ ಮೀಲಿಯಾ ಅಜೆಡರಾಕ್ ಎಂಬ ಮರ. ಅದರ ಹಣ್ಣು ಮನುಷ್ಯರಿಗೂ ಪಶುಗಳಿಗೂ ವಿಷಕರವಾದುದು. ಮಹಾನಿಂಬೈನ್ ಎಂಬುದು ಮಹಾನಿಂಬದಲ್ಲಿ ದೊರೆಯುವುದೆಂದು ಭಾವಿಸುವವನು ನಿತ್ಯವೂ ಊಟದಲ್ಲಿ ಬರುವ ಸೊಪ್ಪಿನ ಸ್ಥಾನದಲ್ಲಿ ವಿಷದ ಮರವನ್ನು ನಿಲ್ಲಿಸಿದಂತಾಗುವುದು. ಕೈಡರ್ಯವೆಂಬ ಇನ್ನೊಂದು ಹೆಸರನ್ನೂ ಕರಿಬೇವಿಗೆ ಹೇಳುವುದುಂಟು. ಅದು ಯಾವ ಮರವೆಂಬ ವಿಷಯದಲ್ಲಿ ವ್ಯಾಖ್ಯಾನಕಾರರಿಗೇ ಏಕಾಭಿಪ್ರಾಯವಿಲ್ಲ. ಹೀಗಿರಲು ವೈದ್ಯಗ್ರಂಥವನ್ನು ಕನ್ನಡಿಸುವವರು 'ಮಹಾನಿಂಬ = ಕರಿಬೇವು' ಎಂದು ಅಡಿಟಿಪ್ಪಣಿ ಕೊಡುವುದು ಬರಿಯ ಪಾಂಡಿತ್ಯದ ತಪ್ಪಾಗಿ ಉಳಿಯದು.

ಧ್ವನಿಯ ಸಾಮ್ಯವೂ ಇಷ್ಟೇ ಮೋಸಗೊಳಿಸತಕ್ಕದು. ಬೇವಿನ ಎಣ್ಣೆಯಿಂದ ಸಲೀಮುಜ್ಜಮಾನ್ ಸಿದ್ದಿಕಿಯವರು ೧೯೪೨ರಲ್ಲಿ ಬೇರ್ಪಡಿಸಿದ ಕಹಿಸತ್ತ್ವದ ಹೆಸರು ನಿಂಬಿನ್. ನಿಂಬಿನ್, ಗಿರಿನಿಂಬೈನ್, ಮಹಾನಿಂಬೈನ್ ಎಂದು ಒಂದೇ ಉಸಿರಿನಲ್ಲಿ ಓದುವಾಗ ಇವು ಒಡಹುಟ್ಟಿದವೆಂದೇ ತೋರುವುದು. ನಿಂಬಿನ್‌ನ ಅಣುವಿನಲ್ಲಿ ೩೦ ಇಂಗಾಲ, ೩೬ ಜಲಜನಕ, ೯ ಆಮ್ಲಜನಕದ ಪರಮಾಣುಗಳಿವೆ, ಸಾರಜನಕವೇ ಇಲ್ಲ. ಮಹಾನಿಂಬೈನ್‌ನಲ್ಲಿ ೨೩ ಇಂಗಾಲ, ೨೫ ಜಲಜನಕ, ೧ ಸಾರಜನಕ, ೧ ಆಮ್ಲಜನಕ. ಇವೆರಡು ಅಣುಗಳಿಗೂ ಇರುವ ನಂಟು ಹೆಸರಿನದು ಮಾತ್ರ. ಬೇವಿನ ಮೇಲೆ ನಡೆದ ಯಾವ ಪ್ರಯೋಗದ ಫಲವನ್ನೂ ಕರಿಬೇವಿನ ಲೆಕ್ಕಕ್ಕೆ ಬರೆಯಲು ಈ ನಂಟು ಸಾಲದು.

ಹಾಗಾದರೆ ಕರಿಬೇವಿನದೇ ಆದ ಲೆಕ್ಕವೇನು? ಮುರ್ರಾಯನೈನ್ ಮತ್ತು ಗಿರಿನಿಂಬೈನ್‌ಗಳಿಗೆ ಶಿಲೀಂಧ್ರಗಳನ್ನು, ಎಂದರೆ ಬೂಷ್ಟಿನ ಜಾತಿಯ ಜೀವಿಗಳನ್ನು, ತಡೆಯುವ ಗುಣವಿದೆಯೆಂದು ಕಲ್ಕತ್ತೆಯ ಅದೇ ಗುಂಪಿನವರು ೧೯೬೫ರಲ್ಲಿಯೇ ತೋರಿಸಿದರು. ಬಳಿಕ ಈ ವರ್ಗದ ಅನೇಕ ಸತ್ತ್ವಗಳು ಬ್ಯಾಕ್ಟೀರಿಯಗಳ ಮೇಲೆಯೂ ಪರೀಕ್ಷೆಗೊಳಗಾದುವು. ಕರ್ನಾಟಕದಲ್ಲಿಯೇ ನಾಗಮಂಗಲ ತಾಲ್ಲೂಕಿನ ಬಾಲಗಂಗಾಧರನಾಥ ನಗರದ ಆದಿಚುಂಚನಗಿರಿ ಸಂಶೋಧನ ಸಂಸ್ಥೆಯವರು ಕರಿಬೇವಿನ ಎಲೆಯಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿ, ಅದು ರೋಗಕಾರಕ ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯುವುದೆಂದು ೨೦೧೦ರಲ್ಲಿ ಪ್ರಕಟಿಸಿದರು. ಇದು ಗಮನಿಸತಕ್ಕ ಸಂಗತಿ. ಏಕೆಂದರೆ ಅಲ್ಲಿಯವರೆಗೆ ಎಲ್ಲರ ದೃಷ್ಟಿಯೂ ಸುಗಂಧತೈಲ ಮತ್ತು ಕಾರ್ಬಜೋಲುಗಳ ಮೇಲೆಯೇ ನೆಟ್ಟಿದ್ದಿತು.

ಇಂತಹ ಪರೀಕ್ಷೆಗಳು ನಡೆಯುವ ಕ್ರಮವನ್ನು ತಿಳಿಯದೆ ಅವುಗಳ ಫಲವನ್ನು ತೂಗಲಾಗದು. ಕಡಲಕಳೆಯಿಂದ ತೆಗೆದ ಅಗರ್ ಎಂಬ ಗಂಜಿಯನ್ನು ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಅದರ ಮೇಲೆ ಸೂಕ್ಷ್ಮಜೀವಿಗಳನ್ನು ಬಿತ್ತಿ, ನಡುವೆ ಸಣ್ಣ ಗುಳಿ ಮಾಡಿ ಎಲೆಯ ಸಾರವನ್ನು ಹನಿಸುವರು. ಒಂದು ಹಗಲು ರಾತ್ರಿ ಬೆಚ್ಚಗಿಟ್ಟರೆ ತಟ್ಟೆಯೆಲ್ಲವೂ ಮಬ್ಬಾಗಿ, ಗುಳಿಯ ಸುತ್ತ ಮಾತ್ರ ಚಂದ್ರನ ಪರಿವೇಷದಂತೆ ತಿಳಿಯಾದ ವಲಯವು ಉಳಿದರೆ ಸಾರವು ಆ ಜೀವಿಗಳನ್ನು ತಡೆಯಿತೆಂದು ಅರ್ಥ. ವಲಯದ ಅಗಲವನ್ನು ಅಳೆದು ಬರೆಯುವರು. ನೋಡಲು ಸರಳ, ಆದರೆ ಇದರಲ್ಲಿ ಎರಡು ಕಡೆಗೂ ಎಡವಲು ಅವಕಾಶವುಂಟು. ಸಾರವನ್ನು ಇಳಿಸಿದ ಮದ್ಯಸಾರವು ತಾನೇ ಜೀವಿಗಳನ್ನು ಕೊಲ್ಲಬಲ್ಲುದು. ಬರಿಯ ಮದ್ಯಸಾರವನ್ನು ಹನಿಸಿದ ಜೊತೆಯ ತಟ್ಟೆಯಿಲ್ಲದಿದ್ದರೆ ಕೊಂದವರು ಯಾರೆಂದು ನಿರ್ಣಯಿಸುವಂತಿಲ್ಲ. ಇನ್ನೊಂದು ಕಡೆ, ಕಾರ್ಬಜೋಲುಗಳು ನೀರಿನಲ್ಲಿ ಕರಗುವುದು ಕಷ್ಟ. ನೀರೇ ಪ್ರಧಾನವಾದ ಗಂಜಿಯಲ್ಲಿ ಅವು ಹರಡಲಾರದೆ ಗುಳಿಯ ಬಳಿಯೇ ನಿಲ್ಲುವುವು. ಆದುದರಿಂದ ಪ್ರಬಲವಾದ ಸತ್ತ್ವವು ಕಿರಿಯ ವಲಯವನ್ನೂ, ನೀರಿನಲ್ಲಿ ಸುಲಭವಾಗಿ ಹರಿಯುವ ದುರ್ಬಲ ಸತ್ತ್ವವು ಹಿರಿಯ ವಲಯವನ್ನೂ ತೋರಿಸಬಹುದು. ಅಗಲವನ್ನು ಮಾತ್ರ ಕೊಟ್ಟು ನಿಲ್ಲಿಸುವ ಬರಹಗಳಿಗಿಂತ, ಬೆಳವಣಿಗೆಯನ್ನು ತಡೆಯಲು ಬೇಕಾದ ಅತ್ಯಲ್ಪ ಪ್ರಮಾಣವನ್ನು ಅಳೆದು ಹೇಳುವ ಬರಹಗಳು ಹೆಚ್ಚು ವಿಶ್ವಸನೀಯವಾದುವು. ೧೮೮೪ರಲ್ಲಿ ಗ್ರಾಮನು ಕಂಡುಹಿಡಿದ ಬಣ್ಣದ ಪರೀಕ್ಷೆಯಿಂದ ಬ್ಯಾಕ್ಟೀರಿಯಗಳು ಎರಡು ಪಂಗಡಗಳಾಗಿ ಒಡೆಯುವುವಷ್ಟೆ. ಹೊರಗೆ ಇನ್ನೊಂದು ಪೊರೆಯನ್ನು ಹೊದ್ದ ಪಂಗಡವು ಇಂತಹ ಜಿಡ್ಡಿನ ಸ್ವಭಾವದ ಸತ್ತ್ವಗಳನ್ನು ಸಾಮಾನ್ಯವಾಗಿ ಹೆಚ್ಚಾಗಿ ತಡೆದುಕೊಳ್ಳುವುದು. 'ಕರಿಬೇವು ಕ್ರಿಮಿಗಳನ್ನು ಕೊಲ್ಲುವುದು' ಎಂಬ ಮಾತು, ಯಾವ ಕ್ರಿಮಿ, ಯಾವ ದ್ರವದಲ್ಲಿಳಿಸಿದ ಸಾರ, ಎಷ್ಟು ಪ್ರಮಾಣ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಅಪೂರ್ಣವೇ ಸರಿ.

ಈ ಬೆಳಕಿನಲ್ಲಿ ಮನೆಯ ಪದ್ಧತಿಗಳನ್ನು ನೋಡಿದರೆ ಕೆಲವು ಆಶ್ಚರ್ಯಗಳು ಕಾದಿವೆ. ಔಷಧವೆಂದು ಹೆಚ್ಚು ಗೌರವಿಸಲ್ಪಡುವುದು ಕಷಾಯ, ಎಂದರೆ ಎಲೆಯನ್ನು ನೀರಿನಲ್ಲಿ ಕುದಿಸಿ ಬತ್ತಿಸಿದುದು. ಆ ಕುದಿತದಲ್ಲಿ ಸುಗಂಧತೈಲವು ಹಬೆಯೊಡನೆ ಹೊರಟುಹೋಗುವುದು. ಕಾರ್ಬಜೋಲುಗಳು ನೀರಿಗೆ ಇಳಿಯದೆ ಸೋಸಿ ಎಸೆಯುವ ಚರಟದಲ್ಲಿಯೇ ಬಹುಪಾಲು ಉಳಿಯುವುವು. ನಿಂಬೆಯ ಹುಳಿಯನ್ನು ಹಿಂಡಿದರೂ ಅವು ಲವಣವಾಗಿ ಕರಗವು. ಹಿಂದೆ ಹೇಳಿದ ಸಾರಜನಕದ ಸ್ವಭಾವವೇ ಇದಕ್ಕೆ ಕಾರಣ. ಔಷಧವೆಂದು ಯಾರೂ ಗೌರವಿಸದ ಒಗ್ಗರಣೆಯಾದರೋ ಬಿಸಿಯೆಣ್ಣೆಯ ಕ್ರಿಯೆ. ಜಿಡ್ಡಿನಲ್ಲಿ ಕರಗತಕ್ಕವನ್ನು ಎಳೆದುಕೊಳ್ಳಲು ಅದಕ್ಕಿಂತ ಅನುಕೂಲವಾದ ಉಪಾಯ ಮನೆಯಲ್ಲಿಲ್ಲ. ಹೊಸನಗರ, ಸಾಗರ, ತೀರ್ಥಹಳ್ಳಿಗಳ ಕಡೆಯ ತಂಬುಳಿ ಇನ್ನೂ ಸ್ವಾರಸ್ಯವಾದುದು. ಎಲೆಯನ್ನು ಜೀರಿಗೆ ಮೆಣಸುಗಳೊಡನೆ ತುಪ್ಪದಲ್ಲಿ ಹುರಿದು, ತೆಂಗಿನಕಾಯಿಯೊಡನೆ ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕಲಸುವರು. ಇಲ್ಲಿ ಸೋಸುವುದೂ ಇಲ್ಲ, ಚರಟವನ್ನು ಎಸೆಯುವುದೂ ಇಲ್ಲ; ತುಪ್ಪ ಮತ್ತು ಕಾಯಿಯ ಜಿಡ್ಡಿನೊಡನೆ ಎಲೆಯು ಇಡಿಯಾಗಿ ಹೊಟ್ಟೆಗೆ ಹೋಗುವುದು. ಇದರಿಂದ ತಂಬುಳಿಯು ರೋಗಾಣುಗಳನ್ನು ನಾಶಮಾಡುವ ಔಷಧವೆಂದು ಸಿದ್ಧವಾಗುವುದಿಲ್ಲ. ಎಲೆಯ ಸತ್ತ್ವವು ಬಾಣಲೆಯಿಂದ ಎಲೆಗೆ ಬಡಿಸುವವರೆಗೆ ನಷ್ಟವಾಗದೆ ಬರುವ ಕ್ರಮ ಅದೆಂದಷ್ಟೇ ಹೇಳಬಹುದು. ಕಷಾಯವನ್ನು ಸಂಪೂರ್ಣವಾಗಿ ತಳ್ಳಿಹಾಕುವುದೂ ನ್ಯಾಯವಲ್ಲ. ನೀರಿನಲ್ಲಿ ಕರಗುವ ದ್ರವ್ಯಗಳೂ ಎಲೆಯಲ್ಲಿ ಕೆಲವುಂಟು, ಅವುಗಳ ಲೆಕ್ಕ ಬೇರೆ.

ಬೆಣ್ಣೆ ಕಾಯಿಸುವಾಗ ಒಂದೆಸಳು ಕರಿಬೇವನ್ನೋ ಒಂದು ವೀಳ್ಯದೆಲೆಯನ್ನೋ ಹಾಕುವ ಪದ್ಧತಿಯನ್ನು ಕೆಲವರು ಇದೇ ಕ್ರಿಮಿನಾಶಕ ಗುಣಕ್ಕೆ ಉದಾಹರಣೆಯಾಗಿ ಕೊಡುವರು. ಅದು ಸರಿಯಲ್ಲ. ನೀರು ಆರಿದ ತುಪ್ಪವು ಕೆಡುವುದು ಬಹುಮಟ್ಟಿಗೆ ಕ್ರಿಮಿಗಳಿಂದಲ್ಲ, ಗಾಳಿಯ ಆಮ್ಲಜನಕದಿಂದ. ಕರಿಬೇವೂ ವೀಳ್ಯದೆಲೆಯೂ ಆ ಕೆಡುವಿ ಕೆಯನ್ನು ನಿಧಾನಗೊಳಿಸುವುವೆಂದು ಕರ್ನಾಲಿನ ಹೈನುಸಂಶೋಧಕರು ೧೯೭೯ರಲ್ಲಿ ಬರೆದಿರುವರು. ಪದ್ಧತಿ ಸರಿ, ಕೊಡುವ ಕಾರಣ ಬೇರೆ.

ಮಳೆಗಾಲದಲ್ಲಿ ಚರ್ಮ, ಹಪ್ಪಳ, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಹಿಡಿಯುವ ಹೊಸನಗರದಂತಹ ಸೀಮೆಯಲ್ಲಿ ಶಿಲೀಂಧ್ರನಿರೋಧವೆಂಬ ಮಾತಿಗೆ ಪುಸ್ತಕದ ಹೊರಗೂ ಬೆಲೆಯುಂಟು. ಅಡಿಕೆಯ ಕೊಳೆರೋಗದಿಂದ ಒಂದು ವರ್ಷದ ಫಸಲೇ ನೆಲಕ್ಕುದುರುವುದನ್ನು ಇಲ್ಲಿಯವರು ತಲೆತಲಾಂತರದಿಂದ ಕಂಡಿರುವರು. ಗೊನೆಗಳಿಗೆ ಹಾಳೆಯ ಕೊಟ್ಟೆಗಳನ್ನು ಕಟ್ಟಿ ಮಳೆಯನ್ನು ಮರೆಮಾಡುವುದೊಂದೇ ಹಿಂದಿನ ಉಪಾಯವಾಗಿದ್ದಿತು. ಕರಿಬೇವಿನ ಸಾರವು ಬೂಷ್ಟನ್ನು ತಡೆಯುವುದಾದರೆ ಕೊಳೆಯನ್ನೂ ತಡೆಯಬಾರದೇಕೆ ಎಂಬ ಪ್ರಶ್ನೆ ಸಹಜವಾದುದು. ಆದರೆ ಕೊಳೆಗೆ ಕಾರಣವಾದ ಫೈಟಾಫ್ತೊರಾ ಎಂಬ ಜೀವಿಯು ನಿಜವಾದ ಶಿಲೀಂಧ್ರವಲ್ಲವೆಂದು ಈಗ ನಿರ್ಣಯವಾಗಿದೆ: ಶಿಲೀಂಧ್ರಗಳ ಗೋಡೆಯು ಕೈಟಿನ್ನಿನಿಂದಲೂ ಇದರದು ಮುಖ್ಯವಾಗಿ ಸೆಲ್ಯುಲೋಸಿನಿಂದಲೂ ಆದುದು. ಒಂದರ ಮೇಲಿನ ಫಲವನ್ನು ಇನ್ನೊಂದಕ್ಕೆ ಸಲ್ಲಿಸುವುದು, ಬೇವಿನ ಫಲವನ್ನು ಕರಿಬೇವಿಗೆ ಸಲ್ಲಿಸಿದಂತೆಯೇ, ಹೋಲಿಕೆಯಿಂದ ಹುಟ್ಟಿದ ಭ್ರಮೆ.

ಪರೀಕ್ಷೆಯೆಂದರೆ ಎಷ್ಟು ದೂರ ಹೋಗಬೇಕೆಂಬುದಕ್ಕೆ ಇದೇ ಕೊಳೆರೋಗದ ಚರಿತ್ರೆಯು ಮಾದರಿಯಾಗಿದೆ. ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ರೋಗಕಾರಕವನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದಷ್ಟಕ್ಕೇ ತೃಪ್ತರಾಗಲಿಲ್ಲ. ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಗಳಲ್ಲಿಯೇ ಗೊನೆಗಳಿಗೆ ಸಿಂಪಡಿಸಿ, ಸುರಿಯುವ ಮಳೆಯಲ್ಲಿ ಅದು ತೊಳೆದುಹೋಗದಂತೆ ಅಂಟುದ್ರವ್ಯವನ್ನು ಸೇರಿಸುವ ಕ್ರಮವನ್ನು ರೂಢಿಸಿದರು. ಅವರ ವರದಿ ೧೯೧೦ರಲ್ಲಿ ಹೊರಬಿದ್ದಿತು. ಕೊನೆಗಾರರು ಇಂದಿಗೂ ಮುಂಗಾರಿನ ಮೊದಲೊಮ್ಮೆ, ಸುಮಾರು ೪೦ ದಿನಗಳ ಬಳಿಕ ಇನ್ನೊಮ್ಮೆ ಅದನ್ನು ಹೊಡೆಯುತ್ತಿರುವರು. ಗಾಜಿನ ತಟ್ಟೆಯಿಂದ ಮರದ ಗೊನೆಯವರೆಗಿನ ಈ ದಾರಿಯನ್ನು ಕರಿಬೇವಿನ ಸತ್ತ್ವವು ಇನ್ನೂ ನಡೆದಿಲ್ಲ. ಅದು ಹೊರಡಬೇಕಾದರೆ ಮೊದಲ ಹೆಜ್ಜೆ ಚಿಕ್ಕದು: ಎಲೆಯನ್ನು ಯಾವ ಊರಿನ ಹಿತ್ತಲಿನಿಂದ, ಯಾವ ತಿಂಗಳಲ್ಲಿ, ಎಳೆಯದೋ ಬಲಿತದ್ದೋ ಎಂದು ಬರೆದಿಟ್ಟುಕೊಂಡು ಕೊಯ್ಯುವುದು. ಬೇರಿನಿಂದ ಚಿಗುರುವ ಮರಿಗಳನ್ನು ಕಿತ್ತು ನೆಡುವ ರೂಢಿಯಿರುವಲ್ಲಿ ಒಂದು ಕೇರಿಯ ಗಿಡಗಳೆಲ್ಲವೂ ಒಂದೇ ತಾಯಿಮರದವಾಗಿರುವ ಸಂಭವವುಂಟು; ಅದನ್ನೂ ಬರೆದುಕೊಳ್ಳಬೇಕಾಗುವುದು. ಸಂಚಿಯ ಮೇಲಣ ಚೀಟಿಯಲ್ಲಿ ಬರಿದೆ 'ಬೇವು' ಎಂದು ಬರೆಯತಕ್ಕದ್ದಲ್ಲ.